ಸಿರಿಂಜಿಗೆ ಮುಸುಕು ಹಾಕಿದಿರಿ, ಲೈನಿಗೆ?

ಹೋದ ವಾರ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಬಾಗಿಲಲ್ಲಿ ನಿಂತ ಅಜ್ಜಿಯೊಬ್ಬರು ಕೇಳಿದರು, "ಅದ್ಯಾಕಮ್ಮಾ ಸಿರಿಂಜಿಗೆ ಫಾಯಿಲ್ ಸುತ್ತಿದ್ದೀರಾ? ದೃಷ್ಟಿ ಆಗಬಾರದು ಅಂತಾನಾ?" ನಗು ಬಂತು. ಆದರೆ ಅಜ್ಜಿ ಹೇಳಿದ್ದು ಪೂರ್ತಿ ತಪ್ಪೇನಲ್ಲ. ಇಲ್ಲಿ ದೃಷ್ಟಿ ತಾಗುವುದು ಬೆಳಕಿನದು, ಅಷ್ಟೇ.

ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ಹಾಲು ಒಗ್ಗುವವರೆಗೆ ರಕ್ತನಾಳದಲ್ಲೇ ಊಟ. ನಾವು ಟಿಪಿಎನ್ ಅನ್ನುತ್ತೇವೆ. ಗ್ಲೂಕೋಸ್, ಅಮೈನೋ ಆಮ್ಲ ಒಂದು ಸಿರಿಂಜಿನಲ್ಲಿ, ಹಾಲಿನಂತೆ ಬೆಳ್ಳಗಿರುವ ಲಿಪಿಡ್, ಅಂದರೆ ಕೊಬ್ಬು, ಇನ್ನೊಂದರಲ್ಲಿ. ಇದರಲ್ಲಿ ತೀರಾ ನಾಜೂಕಿನದು ವಿಟಮಿನ್. ವಿಟಮಿನ್ ಸಿಗೆ ಆಮ್ಲಜನಕ ಆಗಿಬರಲ್ಲ, ಚೂರು ತಾಮ್ರ ಸೇರಿದರೆ ಇನ್ನೂ ಬೇಗ ಕೆಡುತ್ತದೆ. ವಿಟಮಿನ್ ಎ ಕಿಟಕಿ ಬಿಸಿಲಿಗೆ ಹಾಳಾಗುತ್ತದೆ, ಸಾಲದ್ದಕ್ಕೆ ಪ್ಲಾಸ್ಟಿಕ್ಕಿಗೂ ಅಂಟಿಕೊಳ್ಳುತ್ತದೆ. ಬಿ2 ಅಂತೂ ಬೆಳಕು ಬಿದ್ದರೆ ತಾನೂ ಕೆಟ್ಟು, ಪೆರಾಕ್ಸೈಡ್ ಹುಟ್ಟಿಸಿ ಜೊತೆಗಿದ್ದವರನ್ನೂ ಕೆಡಿಸುತ್ತದೆ. ಸಹವಾಸ ದೋಷ! ಆ ಪೆರಾಕ್ಸೈಡ್ ತಡೆದುಕೊಳ್ಳುವ ಶಕ್ತಿ ಇಷ್ಟು ಚಿಕ್ಕ ಕೂಸಿಗೆ ಕಡಿಮೆ.

"ವಿಟಮಿನ್ ತಾನೇ, ಸ್ವಲ್ಪ ಕಡಿಮೆಯಾದರೆ ಏನಂತೆ" ಅನ್ನುವವರಿದ್ದಾರೆ. 1997ರಲ್ಲಿ ಅಮೆರಿಕದಲ್ಲಿ ಟಿಪಿಎನ್‌ಗೆ ಹಾಕುವ ವಿಟಮಿನ್ನಿಗೇ ಅಭಾವ ಬಂತು. ಬಿ1 ಸಿಗದ ರೋಗಿಗಳ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿ ಜೀವಕ್ಕೇ ಕುತ್ತು ಬಂದಿತ್ತು.

ನನ್ನ ತಕರಾರು ಲೈನಿನ ಬಗ್ಗೆ. ಸಿರಿಂಜಿಗೆ ನೀಟಾಗಿ ಫಾಯಿಲ್ ಸುತ್ತುತ್ತೇವೆ, ಅಲ್ಲಿಂದ ಮಗುವಿನವರೆಗೆ ಹೋಗುವ ಸಣ್ಣ ಕೊಳವೆ, ಅಂದರೆ ಲೈನ್, ಮಾತ್ರ ಬೆತ್ತಲೆ. ಕಾಮಾಲೆಗೆ ಫೋಟೋಥೆರಪಿ (ಬೆಳಕಿನ ಚಿಕಿತ್ಸೆ) ಹಾಕಿದ್ದರೆ ಆ ನೀಲಿ ಬೆಳಕಿನ ಕೆಳಗೇ ಹಾದುಹೋಗುತ್ತದೆ. ಬಿ2 ಚೆನ್ನಾಗಿ ಹೀರುವುದು ಅದೇ ನೀಲಿಯನ್ನು. "ಲೈನಲ್ಲಿ ಎಷ್ಟು ಹೊತ್ತು ಇರುತ್ತೆ ಬಿಡಿ" ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿ. 1.2 ಕೆಜಿ ಕೂಸಿಗೆ ಕೆಜಿಗೆ 3 ಗ್ರಾಂನಂತೆ ಕೊಬ್ಬು ಅಂದರೆ 20% ಲಿಪಿಡ್ ದಿನಕ್ಕೆ 18 ಮಿಲಿ. ಗಂಟೆಗೆ ಮುಕ್ಕಾಲು ಮಿಲಿ. ಲೈನ್ ಒಂದೂವರೆ ಮಿಲಿ ಹಿಡಿದರೆ ಒಂದೊಂದು ಹನಿಯೂ 2 ಗಂಟೆ ಅದರೊಳಗೆ ತೆವಳುತ್ತದೆ. ವಿಟಮಿನ್ ಎ ಸ್ವಲ್ಪ ಜಾಸ್ತಿ ಉಳಿಯಲಿ ಅಂತಲೇ ನಾವು ವಿಟಮಿನ್ನನ್ನು ಲಿಪಿಡ್‌ಗೆ ಸೇರಿಸುವುದು. ಆಮೇಲೆ ಅದನ್ನೇ 2 ಗಂಟೆ ಬೆಳಕಿಗೆ ಹಿಡಿಯುತ್ತೇವೆ!

ಇದು ನನ್ನ ತಲೆಹರಟೆಯೇನಲ್ಲ. 2 ವರ್ಷದೊಳಗಿನ ಮಕ್ಕಳಿಗೆ ಚೀಲ, ಲೈನ್ ಎರಡನ್ನೂ ಕೊನೆಯವರೆಗೆ ಮುಚ್ಚಿಡಿ ಅಂತ ಯುರೋಪಿನ ಔಷಧ ಸಂಸ್ಥೆ 2019ರಲ್ಲೇ ಹೇಳಿದೆ.

"ಸಿಸ್ಟರ್, ಲೈನ್ ಮುಚ್ಚಿದರೆ ಗಾಳಿ ಗುಳ್ಳೆ ಹೇಗೆ ಕಾಣುತ್ತೆ?" ಅಂತ ಜೂನಿಯರ್ ಒಬ್ಬಳು ಕೇಳಿದಳು. ಸರಿಯಾದ ಪ್ರಶ್ನೆ. ಅದಕ್ಕೇ ಕಂದು ಬಣ್ಣದ ಲೈನ್ ಬರುತ್ತದೆ. ಒಳಗಿರುವುದು ಕಾಣುತ್ತದೆ, ನೀಲಿ ಬೆಳಕು ಮಾತ್ರ ಬಹುಪಾಲು ಒಳಗೆ ಹೋಗುವುದಿಲ್ಲ. ಬೆಲೆ ಜಾಸ್ತಿ. ನಾನು ಕೊಟ್ಟ ಇಂಡೆಂಟ್ (ಸಾಮಾನು ತರಿಸುವ ಬೇಡಿಕೆ ಚೀಟಿ) ಎರಡು ಸಲ ವಾಪಸ್ ಬಂದಿದೆ. ಮೂರನೆಯದನ್ನು ಈ ಲೆಕ್ಕ ಬರೆದು, ಪಿನ್ ಮಾಡಿ ಕಳಿಸಿದ್ದೇನೆ. ಅದು ಬರುವವರೆಗೆ ಲೈನಿಗೂ ಫಾಯಿಲ್ಲೇ. ಗುಳ್ಳೆ ನೋಡಲು ಸಿರಿಂಜ್ ತಳ್ಳುವ ಪಂಪಿನ ಹತ್ತಿರ ಎರಡು ಬೆರಳಷ್ಟು ಜಾಗ ಬಿಟ್ಟಿದ್ದೇನೆ.