ಬೋರ್ಡೋ ಮತ್ತು ಬೋರ್ಡು

ಬೆಂಗಳೂರಿನ ನನ್ನ ಸೋದರಳಿಯ ಫ್ರಾನ್ಸಿಗೆ ಹೋಗಿ ಬಂದ. ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳ ನಡುವೆ ಬೆಳಗಿಂದ ಸಂಜೆವರೆಗೂ ನಡೆದನಂತೆ. ನಮ್ಮ ಮನೆಗೆ ಬಂದರೆ ತೋಟಕ್ಕಿಳಿಯಲೂ ಬೈಕ್ ಕೇಳುವ ಹುಡುಗ! ಅಲ್ಲಿ ವೈನನ್ನು ಬಾಯಲ್ಲಿ ಮುಕ್ಕಳಿಸಿ, ರುಚಿ ಹೇಳಿ, ಉಗುಳುತ್ತಾರಂತೆ. ದಿನಕ್ಕೆ ಹತ್ತು ಎಲೆಯಡಿಕೆ ಕವಳ ಹಾಕುವ ನಮಗೆ ಉಗುಳುವುದನ್ನು ಹೇಳಿಕೊಡಲು ಬಂದಿದ್ದಾನೆ.

"ಮಾವಾ, ನಮ್ಮೂರಲ್ಲೂ ಹಾಗೇ ಮಾಡಬಹುದು. ಬೆಟ್ಟ ಇದೆ, ತೋಟ ಇದೆ, ಜಲಪಾತ ಇದೆ. ವೈನ್ ಒಂದು ಇಲ್ಲ" ಎಂದ.

ಬೋರ್ಡೋ ಹೆಸರು ಸಿದ್ದಾಪುರದ ಅಡಿಕೆ ಬೆಳೆಗಾರನಿಗೆ ಹೊಸದಾ? ನಾವು ಅಡಿಕೆಗೆ ಹೊಡೆಯುವ ಮದ್ದೇ ಬೋರ್ಡೋ ದ್ರಾವಣ: ಒಂದು ಕಿಲೋ ಮೈಲುತುತ್ತ (ತಾಮ್ರದ ನೀಲಿ ಉಪ್ಪು), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯುವ ಮೊದಲೊಮ್ಮೆ, ಆಮೇಲೆ ಮಳೆ ಹೊಳವಾದಾಗ ಇನ್ನೊಮ್ಮೆ ಹೊಡೆದರೆ ಕೊಳೆರೋಗದಿಂದ ಬಚಾವ್. ಈ ಮದ್ದು ಹುಟ್ಟಿದ್ದೇ ಅಲ್ಲಿನ ದಾರಿಹೋಕರ ದೆಸೆಯಿಂದ. ಹೋಗುವವರು ಬರುವವರೆಲ್ಲ ದಾರಿ ಪಕ್ಕದ ದ್ರಾಕ್ಷಿ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ರೈತರು ಮೈಲುತುತ್ತ, ಸುಣ್ಣ ಕಲಸಿ ಎರಚಿದರು. ನೀಲಿಗಟ್ಟಿದ ಗೊಂಚಲು ನೋಡಿ ಕಳ್ಳರು ಹೆದರಿದರು. 1882ರಲ್ಲಿ ಮಿಲಾರ್ದೇ ಎಂಬ ಸಸ್ಯವಿಜ್ಞಾನಿ ನೋಡುತ್ತಾನೆ, ಆ ಬಳ್ಳಿಗಳಿಗೆ ಬೂಜುರೋಗವೇ ಇಲ್ಲ! 1885ರಲ್ಲಿ ಅದನ್ನು ಪ್ರಕಟಿಸಿದ. ಅವರ ಕಳ್ಳರು ನಮ್ಮ ಅಡಿಕೆ ಉಳಿಸಿದರು.

ಇನ್ನು ವೈನ್ ಇಲ್ಲ ಅನ್ನುವ ಮಾತು. ದ್ರಾಕ್ಷಿ ಬೆಳೆದು, ಹಿಂಡಿ, ಹುಳಿ ಬರಿಸಿ, ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟು ಆಮೇಲೆ ಬಾಟಲಿ ಕಾಣುವುದು ಅವರ ಹಳೇ ಪದ್ಧತಿ. ಜಲಪಾತದ ದಾರಿಯಲ್ಲಿರುವ ನಾವು ನೇರ ಬಾಟಲಿಯನ್ನೇ ಬೆಳೆಯುತ್ತೇವೆ. ಶನಿವಾರ ಬಿತ್ತನೆ, ಸೋಮವಾರ ಕೊಯ್ಲು. ಬೀಜದ ಖರ್ಚಿಲ್ಲ, ಅದು ಕಾರಿನಲ್ಲಿ ಬರುತ್ತದೆ. ಗೊಬ್ಬರ ಬೇಡ, ಅದಕ್ಕೆ ಸೊಪ್ಪು ತರುವ ಬೆಟ್ಟವೂ ಬೇಡ. ಮಂಗ ಮುಟ್ಟುವುದಿಲ್ಲ. ಕೊಳೆರೋಗದ ಮಾತೇ ಇಲ್ಲ, ನೂರು ವರ್ಷ ಬಿಟ್ಟರೂ ಕೊಳೆಯುವ ಜಾತಿಯಲ್ಲ. ಅಂತರಬೆಳೆಯಾಗಿ ಚಿಪ್ಸ್ ಪ್ಯಾಕೆಟ್ ಬರುತ್ತದೆ. ಹಬ್ಬದ ರಜೆ ಸೇರಿದರೆ ಪ್ಲಾಸ್ಟಿಕ್ ಲೋಟವೂ.

ನೀರಾವರಿಯ ಚಿಂತೆಯೂ ಇಲ್ಲ. ಬಿತ್ತುವವರೇ ಮರದ ಬುಡಕ್ಕೆ ನಿಂತು ನೀರು ಬಿಟ್ಟು ಹೋಗುತ್ತಾರೆ.

ಬೆಳೆ ತಡೆಯಲು ದಾರಿ ತಿರುವಿನಲ್ಲಿ "ಕಸ ಎಸೆಯಬೇಡಿ, ಮದ್ಯಪಾನ ನಿಷೇಧಿಸಿದೆ" ಎಂಬ ಬೋರ್ಡು ನೆಟ್ಟಿದ್ದಾರೆ. ಬೆರ್ಚಪ್ಪನ ತಲೆ ಮೇಲೇ ಕಾಗೆ ಕೂರುತ್ತದಲ್ಲ, ಹಾಗೆ ಇಡೀ ದಾರಿಯಲ್ಲಿ ಫಸಲು ಜಾಸ್ತಿ ಇರುವುದು ಆ ಬೋರ್ಡಿನ ಬುಡದಲ್ಲೇ. ಅವರ ಬೋರ್ಡೋ ಕೈಯನ್ನು ತಡೆಯಿತು. ನಮ್ಮ ಬೋರ್ಡು ಒರಗಿ ಕೂರಲು ಅನುಕೂಲವಾಯಿತು.

ನಮ್ಮ ಉಂಚಳ್ಳಿ ಜಲಪಾತದಲ್ಲಿ ಅಘನಾಶಿನಿ ನದಿ 116 ಮೀಟರ್ ಎತ್ತರದಿಂದ ಬೀಳುತ್ತಾಳೆ. ಆ ಸದ್ದಿಗೆ ಕಿವಿ ಕೆಪ್ಪಾಗುತ್ತದೆ ಅಂತಲೇ ಹಿರಿಯರು ಕೆಪ್ಪ ಜೋಗ ಅಂದರು. ಈಗ ಅಂಥಾ ಕಡೆಗೂ ಸ್ಪೀಕರ್ ಹೊತ್ತು ತರುತ್ತಾರೆ. ಯಾರಿಂದ ಯಾರಿಗೆ ಕೆಪ್ಪಾಗಬೇಕೋ! ಇದೇ ಜನ ವಿದೇಶದ ದ್ರಾಕ್ಷಿ ತೋಟದಲ್ಲಿ ಚಾಕಲೇಟ್ ಕಾಗದವನ್ನೂ ಮಡಚಿ ಜೇಬಿಗಿಟ್ಟುಕೊಳ್ಳುತ್ತಾರೆ. ಅಳಿಯನ ಫೋಟೋದಲ್ಲಿ ನಾನೇ ನೋಡಿದ್ದೇನೆ. ಆ ಜೇಬು ವಿಮಾನ ಇಳಿಯುವಾಗ ಎಲ್ಲಿ ಬಿದ್ದುಹೋಗುತ್ತದೋ ಗೊತ್ತಿಲ್ಲ.

ಮೊನ್ನೆ ಎರಡನೇ ಮದ್ದು ಹೊಡೆಯಲು ಕೊನೆಗೌಡ ಬಂದಿದ್ದ. ಮರ ಹತ್ತುವವನು, ಬರಿಗಾಲು. ದಾರಿ ಕಡೆಯ ಸಾಲಿಗೆ ಹೋದವನು ಮರದಿಂದ ಮರಕ್ಕೆ ದಾಟುತ್ತಲೇ ಇದ್ದ. ಮದ್ದು ಮುಗಿಯಿತು, ಆದರೂ ಇಳಿಯಲಿಲ್ಲ. ಊಟಕ್ಕೆ ಕರೆದೆ. ಮೇಲಿಂದಲೇ ಕೂಗಿದ:

"ಹೆಗಡೇರೆ, ಯಾವ ಮರದ ಬುಡದಲ್ಲಿ ಗಾಜಿಲ್ಲ ನೋಡಿ ಹೇಳಿ. ಅದರಲ್ಲೇ ಇಳೀತೇನೆ."

ನಾನು ಇನ್ನೂ ನೋಡುತ್ತಿದ್ದೇನೆ.