ಕೈಗುಣಕ್ಕೂ ಪಾಠವುಂಟು

ಇತಾ, ಪಿಂಗ್‌ಖಲಾ, ಸುಮನಾ. ಬ್ಯಾಂಕಾಕಿನಲ್ಲಿ ನುವಾಡ್ ತಾಯ್, ಅಂದರೆ ತಾಯ್ ಮಸಾಜ್, ಕಲಿಯುವವರು ಬಾಯಿಪಾಠ ಮಾಡುವ ಹತ್ತು 'ಸೆನ್'ಗಳಲ್ಲಿ (ಮೈಯಲ್ಲಿ ಶಕ್ತಿ ಹರಿಯುವುದೆಂದು ನಂಬುವ ನಾಡಿಗಳಲ್ಲಿ) ಮೊದಲ ಮೂರು ಇವು. ಹತ್ತೂ ಹೊಕ್ಕುಳ ಸುತ್ತಲಿಂದ ಹೊರಡುತ್ತವೆ. ಇತಾ ಎಡ ಹೊಳ್ಳೆಗೆ, ಪಿಂಗ್‌ಖಲಾ ಬಲ ಹೊಳ್ಳೆಗೆ, ಥೇಟ್ ನಮ್ಮ ಯೋಗದ ಇಡಾ, ಪಿಂಗಳಾ ನಾಡಿಗಳಂತೆ! ಗುರುವೆಂದು ಕೈಮುಗಿಯುವುದೂ ಬುದ್ಧನಿಗೆ ಮದ್ದು ಕೊಟ್ಟ ಜೀವಕನಿಗೆ. ಇಲ್ಲಿ ನೆಲೆಸಿದ ಕನ್ನಡಿಗರಿಗೆ ಹಿಗ್ಗಾಗುತ್ತದೆ, ಬೆನ್ನಿಗೇ ನೋವೂ ಆಗುತ್ತದೆ. ಬೆಂಗಳೂರಿನಲ್ಲಿ 'ಮಸಾಜ್' ಎಂದರೆ ಜನ ಇನ್ನೂ ಮುಖ ಮುಖ ನೋಡಿಕೊಳ್ಳುತ್ತಾರೆ.

ಉಳುಕು ತೆಗೆಯುವವರಿಗೆ, ಬಾಣಂತಿಗೆ ಎಣ್ಣೆ ನೀವುವವರಿಗೆ ನಾವು ಕೊಡುವ ಬಿರುದು ಒಂದೇ: 'ಕೈಗುಣ ಚೆನ್ನಾಗಿದೆ'. ಆ ಕೈ ಹೋದ ದಿನ ವಿದ್ಯೆಯೂ ಹೋಯಿತು. ಆದರೆ ಸಯಾಮಿನ (ಇಂದಿನ ತಾಯ್ಲೆಂಡಿನ) ದೊರೆ ಮೂರನೆಯ ರಾಮ 1830ರ ದಶಕದಲ್ಲಿ ಬ್ಯಾಂಕಾಕಿನ ವಾಟ್ ಫೋ ದೇವಾಲಯದ ಜೀರ್ಣೋದ್ಧಾರ ಮಾಡಿಸುವಾಗ, 60 ಮಾನವಾಕೃತಿಗಳಲ್ಲಿ ನಾಡಿಗಳನ್ನೂ ಒತ್ತುವ ಜಾಗಗಳನ್ನೂ ಅಮೃತಶಿಲೆಯ ಮೇಲೆ ಕೆತ್ತಿಸಿದ. ನಿಂತು ನೋಡಿದವರೆಲ್ಲ ಕಲಿಯಬಹುದಿತ್ತು. 1955ರಲ್ಲಿ ಅಲ್ಲೇ ಶಾಲೆ ಶುರುವಾಯಿತು. 2019ರಲ್ಲಿ ಯುನೆಸ್ಕೊ ಈ ವಿದ್ಯೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಲಿಸುವ ಶಿಸ್ತು ನೋಡಿ. ಎಣ್ಣೆಯಿಲ್ಲ. ಸಡಿಲ ಹತ್ತಿಬಟ್ಟೆ ತೊಡಿಸಿ, ನೆಲದ ಹಾಸಿಗೆಯಲ್ಲಿ ಮಲಗಿಸಿ, ಪಾದದಿಂದ ಆರಂಭ. ಮೊದಲು ಅಂಗೈ, ಆಮೇಲೆ ಹೆಬ್ಬೆರಳು, ಮತ್ತೆ ಅಂಗೈ. ಮೊಣಕೈ ನೆಟ್ಟಗಿರಬೇಕು. ಒತ್ತುವುದು ಬೆರಳ ಬಲವಲ್ಲ, ಸೊಂಟದಿಂದ ಮುಂದಕ್ಕೆ ವಾಲಿದ ಮೈಭಾರ. ಮೆಲ್ಲಗೆ ಇಳಿಸಿ, ನಾಲ್ಕೈದು ಎಣಿಸುವಷ್ಟು ಹೊತ್ತು ನಿಲ್ಲಿಸಿ, ಮೆಲ್ಲಗೇ ಬಿಡಬೇಕು. ಹೊಸಬರು ಹೆಬ್ಬೆರಳನ್ನು ಗೆಣ್ಣಿನಲ್ಲಿ ಬಾಗಿಸಿ ಒತ್ತುತ್ತಾರೆ, ಕೊನೆಗೆ ಊದಿಕೊಳ್ಳುವುದು ಅವರದೇ ಗೆಣ್ಣು. ಬೆನ್ನಲ್ಲಿ ಮೂಳೆಯ ಮೇಲೆ ಒತ್ತುವಂತಿಲ್ಲ, ಎರಡು ಬೆರಳು ಪಕ್ಕಕ್ಕೆ ಸರಿಯಬೇಕು. ಜ್ವರವಿದ್ದರೆ, ರಕ್ತನಾಳ ಉಬ್ಬಿದ್ದರೆ ಬೇಡ. ತೊಡೆಸಂದಿನ ಧಮನಿಯನ್ನು ಅರ್ಧ ನಿಮಿಷ ಅದುಮಿ ಬಿಡುವ 'ಗಾಳಿಬಾಗಿಲು' ಎಂಬ ಕ್ರಮವಂತೂ ರಕ್ತದೊತ್ತಡ, ಹೃದ್ರೋಗ ಇರುವವರಿಗೆ ಅಪಾಯ.

ಜಗತ್ತು ಈ ವಿದ್ಯೆಯನ್ನು ಮೆಚ್ಚಿದ್ದು ಈ ಶಿಸ್ತಿಗೇ ಎನ್ನುವುದು ನನ್ನ ನಂಬಿಕೆ. ಬಟ್ಟೆ ಕಳಚಬೇಕಿಲ್ಲ, ಭಾಷೆ ಬೇಕಿಲ್ಲ. 30 ಗಂಟೆಯ ಮೊದಲ ಪಾಠ ಮುಗಿಸಿದ ವಿದೇಶಿಯೂ ಅದೇ ಕ್ರಮವನ್ನು ತನ್ನೂರಿಗೆ ಒಯ್ಯಬಲ್ಲ.

ಎಲ್ಲವೂ ನಮ್ಮಿಂದ ಹೋದದ್ದೆಂದು ಬೀಗುವಂತಿಲ್ಲ. ಚೀನಾದ ವಿದ್ಯೆಯೂ ಸಯಾಮಿನ ಹಳ್ಳಿಗರ ರೂಢಿಯೂ ಇದರಲ್ಲಿ ಬೆರೆತಿವೆ. ಇದೇ ಹೆಸರಿನ ಮರೆಯಲ್ಲಿ ಬೇರೆ ದಂಧೆ ನಡೆಯುವ ಬೀದಿಗಳು ಇಲ್ಲೂ ಇವೆ, ಒಪ್ಪಬೇಕು. ಇನ್ನೊಂದನ್ನೂ ಒಪ್ಪಬೇಕು: ಹಸುಗೂಸಿಗೆ ಈ ಒತ್ತು ಸಲ್ಲದು. ಅದಕ್ಕೆ ಬೆಚ್ಚಗಿನ ಎಣ್ಣೆ ಬೇಕು, ಕಾಲು ಚಾಚಿ ಕೂತು ಮಗುವನ್ನು ಬೋರಲು ಮಲಗಿಸಿಕೊಂಡು ನೀರೆರೆಯುವ ಅಜ್ಜಿ ಬೇಕು. ಆಕೆಯ ಅಂಗೈ ಮಗುವಿನ ಬೆನ್ನ ಮೇಲೆ ಎಲ್ಲಿ ಹಗುರಾಗುತ್ತದೆ, ಎಲ್ಲಿ ತಿರುಗುತ್ತದೆ ಎಂಬುದನ್ನು ಪಕ್ಕದಲ್ಲಿ ಕೂತು ಯಾರಾದರೂ ಬರೆದಿಡಲಿ, ಆಕೆ ಇರುವಾಗಲೇ.