ಸ್ವಯಂಘೋಷಿತ ಶಾಲಾ ತಪಾಸಣಾಧಿಕಾರಿಗಳಲ್ಲಿ ಒಂದು ಅರಿಕೆ

ಮಗಳನ್ನು ಶಾಲೆಗೆ ಕಳುಹಿಸುತ್ತಿಲ್ಲ, ಮನೆಯಲ್ಲೇ ಕಲಿಸುತ್ತಿದ್ದೇವೆ ಎಂದು ಬಾಯಿಬಿಟ್ಟರೆ ಸಾಕು, ಎದುರಿಗಿರುವವರೊಳಗೆ ಮಲಗಿದ್ದ ಶಾಲಾ ತಪಾಸಣಾಧಿಕಾರಿ ಎದ್ದು ಕೂರುತ್ತಾರೆ. ಅವರು ಬ್ಯಾಂಕಿನ ಗುಮಾಸ್ತರಾಗಿರಬಹುದು, ಲಿಫ್ಟಿನಲ್ಲಿ ಎರಡು ಮಹಡಿಯ ಮಟ್ಟಿಗೆ ಜೊತೆಯಾದವರಾಗಿರಬಹುದು. ನೇಮಕಾತಿ ಪತ್ರವಿಲ್ಲ, ಸಂಬಳವಿಲ್ಲ, ಭತ್ಯೆಯಂತೂ ಇಲ್ಲವೇ ಇಲ್ಲ. ಆದರೂ ಅವರ ಕರ್ತವ್ಯನಿಷ್ಠೆಯನ್ನು ಮೆಚ್ಚಲೇಬೇಕು.

ತಪಾಸಣೆ ಶುರುವಾಗುವುದು ಮಗ್ಗಿಯಿಂದ. ಹಲ್ಲಿನ ವೈದ್ಯರೊಬ್ಬರು ನನ್ನ ಮಗಳ ಬಾಯೊಳಗೆ ಪುಟ್ಟ ಕನ್ನಡಿ, ಒಂದು ಕೊಕ್ಕೆ ಮತ್ತು ತಮ್ಮ ಎರಡು ಬೆರಳುಗಳನ್ನು ಇಟ್ಟುಕೊಂಡೇ, 'ಹದಿಮೂರೆಂಟಲೆ ಎಷ್ಟು ಪುಟ್ಟಿ?' ಎಂದು ಕೇಳಿದರು. ಪುಟ್ಟಿ 'ಆಂ' ಎಂದಳು. ಅವರು ತಲೆಯೆತ್ತಿ ನನ್ನನ್ನು ನೋಡಿದ ರೀತಿಯಲ್ಲೇ ಫಲಿತಾಂಶ ಪ್ರಕಟವಾಗಿತ್ತು. ಅದೇ ಕುರ್ಚಿಯಲ್ಲಿ ಶಾಲೆಗೆ ಹೋಗುವ ಮಗು ಕೂತರೆ ಅವರು ಕೇಳುವುದು ಯಾವ ಹಲ್ಲು ನೋಯುತ್ತಿದೆ ಎಂದಷ್ಟೆ.

ಎರಡನೆಯ ಪ್ರಶ್ನೆ, 'ಎಷ್ಟನೇ ಕ್ಲಾಸು?' ಇದಕ್ಕೆ ಮಗಳು ತನಗೆ ತಿಳಿದಷ್ಟು ಪ್ರಾಮಾಣಿಕವಾಗಿ, 'ಲೆಕ್ಕದಲ್ಲಿ ಐದು, ಬರವಣಿಗೆಯಲ್ಲಿ ಮೂರು, ಜೇಡಗಳ ವಿಷಯದಲ್ಲಿ ಕಾಲೇಜು' ಎನ್ನುತ್ತಾಳೆ. ಕೇಳಿದವರಿಗೆ ನೆಲವೇ ಕುಸಿದಂತಾಗುತ್ತದೆ. ಮನುಷ್ಯನಿಗೆ ಒಂದು ವಯಸ್ಸು, ಒಂದು ವಿಳಾಸ, ಒಂದು ಕ್ಲಾಸು ಇರಬೇಕಲ್ಲವೇ? ಒಂದೇ ಮಗು ಮೂರು ಕ್ಲಾಸುಗಳಲ್ಲಿ ಹರಡಿಕೊಂಡಿದ್ದರೆ ಅದನ್ನು ಯಾವ ಕಡತದಲ್ಲಿ ಸೇರಿಸುವುದು?

ಇಷ್ಟರ ಮೇಲೆ ಮಹಾಪ್ರಶ್ನೆ ಬರುತ್ತದೆ. ಜಗತ್ತಿನಲ್ಲಿ ಇದು ತಮಗೊಬ್ಬರಿಗೇ ಹೊಳೆದಿದೆ ಎಂಬಂತೆ ದನಿ ತಗ್ಗಿಸಿ ಕೇಳುತ್ತಾರೆ: 'ಎಲ್ಲ ಸರಿ, ಆದರೆ ಮಗು ನಾಲ್ಕು ಜನರೊಂದಿಗೆ ಬೆರೆಯುವುದನ್ನು ಕಲಿಯುವುದು ಹೇಗೆ?'

ನಾನು ಶಾಲೆಗೆ ಹೋದವಳು, ಬೆರೆತದ್ದು ಚೆನ್ನಾಗಿ ನೆನಪಿದೆ. ಮೇಷ್ಟರು ಹೊರಗೆ ಹೋದಾಗ ಬೆರೆತವರ ಹೆಸರನ್ನು ಮಾನಿಟರ್ ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದಳು. ಮತ್ತೆ ಬೆರೆತರೆ ಹೆಸರಿನ ಮುಂದೊಂದು ಇಂಟು ಗುರುತು. ಇನ್ನೂ ಬೆರೆತರೆ ಬೆಂಚಿನ ಮೇಲೆ ನಿಲ್ಲಬೇಕಿತ್ತು. ಬೆರೆಯುವುದರಲ್ಲಿ ನಿಜವಾಗಿ ಪ್ರತಿಭೆಯಿದ್ದ ಗೆಳತಿಯ ಅಂಕಪಟ್ಟಿಯಲ್ಲಿ 'ಬಹಳ ಮಾತನಾಡುತ್ತಾಳೆ' ಎಂದು ಕೆಂಪು ಶಾಯಿಯಲ್ಲಿ ಬರೆದು, ಅಪ್ಪನ ಸಹಿ ಹಾಕಿಸಿಕೊಂಡು ಬರಲು ಹೇಳಿದ್ದರು. ಈಗ ಅದೇ ಪೀಳಿಗೆಯವರು ನನ್ನ ಮಗಳಿಗೆ ಮಾತು ಬರುವುದೋ ಇಲ್ಲವೋ ಎಂದು ನಿದ್ದೆಗೆಡುತ್ತಿದ್ದಾರೆ.

ಒಂದೇ ವರ್ಷ ಹುಟ್ಟಿದ ನಲವತ್ತು ಜನರನ್ನು ಒಂದು ಕೋಣೆಯಲ್ಲಿ ಕೂರಿಸಿದರೆ ಅದು ಸಮಾಜ, ಮಿಕ್ಕದ್ದೆಲ್ಲ ಏಕಾಂತವಾಸ ಎಂಬುದು ಸರ್ವಸಮ್ಮತ ಅಭಿಪ್ರಾಯ. ಹಾಗಾದರೆ ಕಚೇರಿಗಳಲ್ಲೂ ಈ ಪದ್ಧತಿ ಜಾರಿಗೆ ಬರಲಿ ಎಂಬುದು ನನ್ನ ನಮ್ರ ಸಲಹೆ. 1984ರಲ್ಲಿ ಹುಟ್ಟಿದವರೆಲ್ಲ ಮೂರನೆಯ ಮಹಡಿ, 1985ರವರು ನಾಲ್ಕನೆಯದು. ಗಂಟೆ ಹೊಡೆದಾಗ ಮಾತ್ರ ಮೆಟ್ಟಿಲಿಳಿಯಬೇಕು, ನೀರು ಕುಡಿಯಲು ಕೈಯೆತ್ತಿ ಅಪ್ಪಣೆ ಕೇಳಬೇಕು. ತಿಂಗಳೊಳಗೆ ನೌಕರರ ಬೆರೆಯುವ ಶಕ್ತಿ ಎಲ್ಲಿಗೆ ಮುಟ್ಟುತ್ತದೋ ನೋಡೋಣ. ಮಗಳು ಗೆಳತಿಯರೊಂದಿಗೆ ಆಡುತ್ತಾಳೆ, ಕೆಳಮನೆಯ ಎಂಬತ್ತು ದಾಟಿದ ಅಜ್ಜನಿಗೆ ಚದುರಂಗದಲ್ಲಿ ಸೋಲುತ್ತಾಳೆ, ಗ್ರಂಥಪಾಲಕರೊಂದಿಗೆ ದಂಡದ ವಿಷಯಕ್ಕೆ ಜಗಳವಾಡುತ್ತಾಳೆ. ಇದಾವುದೂ ಲೆಕ್ಕಕ್ಕಿಲ್ಲ, ಏಕೆಂದರೆ ಯಾರೂ ಹಾಜರಿ ಕರೆದಿರುವುದಿಲ್ಲ.

'ನಾಳೆ ಹೊರಜಗತ್ತನ್ನು ಎದುರಿಸುವುದು ಬೇಡವೇ?' ಎಂಬ ಚಿಂತೆಯೂ ಇದೆ. ಸ್ವಲ್ಪ ಕೆದಕಿದರೆ ತಿಳಿಯುತ್ತದೆ, ಇಲ್ಲಿ ಹೊರಜಗತ್ತು ಎಂದರೆ ಹಿಂದಿನ ಬೆಂಚಿನವನ ಗೇಲಿ ಮತ್ತು ಶೌಚಾಲಯದ ಬಳಿಯ ತಳ್ಳಾಟ. ಅದನ್ನು ಅನುಭವಿಸಿದವರೇ ಅದರ ಪರವಾಗಿ ವಕಾಲತ್ತು ವಹಿಸುತ್ತಾರೆ. 'ನಮಗೂ ಹೊಡೆದಿದ್ದರು, ನೋಡಿ, ನಾವು ಚೆನ್ನಾಗಿಯೇ ಇದ್ದೇವಲ್ಲ' ಎನ್ನುತ್ತಾರೆ. ಹಾಗೆನ್ನುವಾಗ ಅವರ ದನಿ ಏಕೆ ಅಷ್ಟು ಏರಿರುತ್ತದೆ ಎಂದು ಕೇಳುವಷ್ಟು ಸಲುಗೆ ನಮ್ಮ ನಡುವೆ ಇರುವುದಿಲ್ಲ.

ಆರೋಪಗಳನ್ನು ಒಟ್ಟಿಗೆ ನೋಡಿದರಂತೂ ತಲೆ ತಿರುಗುತ್ತದೆ. ನಾವು ಮಕ್ಕಳನ್ನು ಮಧ್ಯಾಹ್ನದವರೆಗೂ ರಾತ್ರಿಯುಡುಪಿನಲ್ಲಿ ಮಲಗಲು ಬಿಡುವ ಸೋಮಾರಿಗಳು; ಅವೇ ಮಕ್ಕಳನ್ನು ಬೆಳಗಿನ ಜಾವ ಎಬ್ಬಿಸಿ ವಿಶ್ವಕೋಶ ಬಾಯಿಪಾಠ ಮಾಡಿಸುವ ರಾಕ್ಷಸರೂ ಹೌದು. ಒಬ್ಬರ ಪ್ರಕಾರ ನಾವು ಧರ್ಮಾಂಧರು, ಮತ್ತೊಬ್ಬರ ಪ್ರಕಾರ ದೇವರು ದಿಂಡರಿಲ್ಲದ ಅಲೆಮಾರಿಗಳು. ಮಗು ದೊಡ್ಡವರೊಂದಿಗೆ ಧೈರ್ಯವಾಗಿ ಮಾತನಾಡಿದರೆ ಅಧಿಕಪ್ರಸಂಗಿ, ನಾಚಿಕೊಂಡರೆ 'ಹೇಳಿರಲಿಲ್ಲವೇ?' ಶಾಲೆಗೆ ಹೋಗುವ ಮಗು ನಾಚಿಕೊಂಡರೆ ಅದು ಸ್ವಭಾವ. ನಮ್ಮ ಮಗು ನಾಚಿಕೊಂಡರೆ ಅದು ಸಾಕ್ಷ್ಯ.

'ರಸಾಯನಶಾಸ್ತ್ರ ಯಾರು ಹೇಳಿಕೊಡುತ್ತಾರೆ? ನಿಮಗೆಲ್ಲ ನೆನಪಿದೆಯೇ? ನನಗಂತೂ ಐದನೇ ಕ್ಲಾಸಿನ ಭಿನ್ನರಾಶಿಯೂ ಮರೆತುಹೋಗಿದೆ' ಎಂದು ಒಬ್ಬರು ನಗುನಗುತ್ತಾ ಹೇಳಿದರು. ಹತ್ತು ವರ್ಷ ಶಾಲೆಯಲ್ಲಿ ಕೂತು, ಪಾಸಾಗಿ, ಪ್ರಮಾಣಪತ್ರ ಪಡೆದವರಿಗೆ ಭಿನ್ನರಾಶಿ ಮರೆತುಹೋಗಿದೆ. ದೂರು ಮಾತ್ರ ನಮ್ಮ ಮೇಲೆ! ಶಾಲೆಯಿಂದ ಬಂದ ಮಗುವನ್ನು ರಾತ್ರಿ ಒಂಬತ್ತರವರೆಗೆ ಊಟದ ಮೇಜಿನಲ್ಲಿ ಕೂರಿಸಿಕೊಂಡು ಅದೇ ಭಿನ್ನರಾಶಿಯನ್ನು ತಾವೇ ತಿದ್ದಿಸುತ್ತಾರಲ್ಲ, ಅದಕ್ಕೆ ಹೋಮ್‌ಸ್ಕೂಲಿಂಗ್ ಎನ್ನುವಂತಿಲ್ಲ. ಅದು ಹೋಮ್‌ವರ್ಕ್.

ಶಾಲೆ ಎಂಬುದು ಸೂರ್ಯಚಂದ್ರರ ಜೊತೆಯಲ್ಲೇ ಹುಟ್ಟಿತು ಎಂದು ನಂಬಿದವರಿಗೆ ಸಣ್ಣದೊಂದು ಮಾಹಿತಿ. ಹಳೆಯ ಜರ್ಮನ್ ರಾಜ್ಯವಾದ ಪ್ರಷ್ಯಾದ ದೊರೆ ಎರಡನೆಯ ಫ್ರೆಡರಿಕ್ ಮಕ್ಕಳು ಶಾಲೆಗೆ ಬರಲೇಬೇಕೆಂದು ಕಟ್ಟಳೆ ಹೊರಡಿಸಿದ್ದು 1763ರಲ್ಲಿ. ಅಮೆರಿಕದಲ್ಲಿ ಇಂಥ ಕಾನೂನನ್ನು ಮೊದಲು ತಂದ ರಾಜ್ಯ ಮ್ಯಾಸಚೂಸೆಟ್ಸ್, ಅದು 1852ರಲ್ಲಿ. ಆ ಕಾನೂನು ಎಂಟರಿಂದ ಹದಿನಾಲ್ಕು ವರ್ಷದ ಮಕ್ಕಳಿಂದ ಕೇಳಿದ್ದು ವರ್ಷಕ್ಕೆ ಹನ್ನೆರಡು ವಾರ. ಬೇರೆ ರೀತಿಯಲ್ಲಿ ಕಲಿಯುತ್ತಿರುವ ಮಕ್ಕಳಿಗೆ ಅದರಿಂದಲೂ ವಿನಾಯಿತಿಯಿತ್ತು. ಅಂದಿನ ಶಾಸಕರಿಗೆ ಇದ್ದ ಧಾರಾಳತನ ಇಂದಿನ ಲಿಫ್ಟಿನ ಸಹಪಯಣಿಗರಿಗೆ ಇಲ್ಲ.

ಸರ್ಕಾರಗಳದ್ದು ಇನ್ನೊಂದು ತಮಾಷೆ. ಮಗುವಿಗೆ ಎಂಥ ಶಿಕ್ಷಣ ಬೇಕೆಂದು ಆರಿಸುವ ಮೊದಲ ಹಕ್ಕು ಹೆತ್ತವರದು ಎಂದು 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 26ನೆಯ ವಿಧಿ ಹೇಳುತ್ತದೆ. ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಮನೆಯಲ್ಲಿ ಕಲಿಸುವುದು ಕಾನೂನುಬದ್ಧ. ಕೆಲವು ರಾಜ್ಯಗಳಲ್ಲಿ ಯಾರಿಗೂ ಒಂದು ಮಾತು ತಿಳಿಸಬೇಕಾಗಿಯೂ ಇಲ್ಲ. ಜರ್ಮನಿಯಲ್ಲಾದರೋ 2013ರಲ್ಲಿ, ಶಾಲೆಗೆ ಕಳುಹಿಸದೆ ಮನೆಯಲ್ಲೇ ಕಲಿಸುತ್ತಿದ್ದ ಒಂದು ಮನೆಯ ನಾಲ್ಕು ಮಕ್ಕಳನ್ನು ಅಧಿಕಾರಿಗಳು ಮೂರು ವಾರಗಳ ಕಾಲ ಹೆತ್ತವರಿಂದ ದೂರವಿಟ್ಟರು. ಇದರಲ್ಲಿ ಹಕ್ಕಿನ ಉಲ್ಲಂಘನೆ ಆಗಿಲ್ಲ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2019ರಲ್ಲಿ ತೀರ್ಪು ಕೊಟ್ಟಿತು. ಅದೇ ಮಗು, ಅದೇ ಪುಸ್ತಕ, ಅದೇ ಅಡುಗೆಮನೆಯ ಮೇಜು. ಒಂದು ಗಡಿಯ ಆಚೆ ಹವ್ಯಾಸ, ಈಚೆ ಅಪರಾಧ.

ಆಮೇಲೆ 2020 ಬಂತು. ನೂರೈವತ್ತು ಕೋಟಿಗೂ ಹೆಚ್ಚು ವಿದ್ಯಾರ್ಥಿಗಳು ಮನೆಯಲ್ಲಿ ಉಳಿದಿದ್ದಾರೆ ಎಂದು ಯುನೆಸ್ಕೊ ಲೆಕ್ಕ ಹಾಕಿತು. ನಮ್ಮ ತಪಾಸಣಾಧಿಕಾರಿಗಳೆಲ್ಲ ರಾತ್ರೋರಾತ್ರಿ ಮೇಷ್ಟರಾದರು. ಮಗು ಪರದೆಯ ಮುಂದೆ ಮೈಕ್ ಬಂದ್ ಮಾಡಿಕೊಂಡು ಕೂತಿದ್ದನ್ನು ನೋಡಿ, 'ಹೋಮ್‌ಸ್ಕೂಲಿಂಗ್ ಎಂದರೆ ಇಷ್ಟು ಕಷ್ಟವೇ?' ಎಂದು ಫೋನ್ ಮಾಡಿದರು. ಅದು ಶಾಲೆಯೇ, ಗೋಡೆ ಮಾತ್ರ ಇಲ್ಲ ಎಂದು ವಿವರಿಸಿದೆ. ಶಾಲೆ ತೆರೆದ ಮೇಲೆ ಅವರು ಮತ್ತೆ ಹಳೆಯ ಹುದ್ದೆಗೆ ಹಾಜರಾದರು.

ನಮ್ಮವರೂ ಕಡಿಮೆಯಿಲ್ಲ. ಯಾರಾದರೂ ಸಂದೇಹ ಎತ್ತಿದರೆ ಸಾಕು, ಜೇಬಿನಿಂದ ಎಡಿಸನ್ನನನ್ನು ತೆಗೆದು ಮುಖಕ್ಕೆ ಹಿಡಿಯುತ್ತೇವೆ. ಅವನಿಗೆ ಮನೆಯಲ್ಲಿ ಪಾಠ ಹೇಳಿದವಳು ತಾಯಿ, ನಿಜ. ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್‌ಗೆ ತಂದೆ ಮೂರನೆಯ ವಯಸ್ಸಿಗೇ ಗ್ರೀಕ್ ಶುರು ಮಾಡಿಸಿದ್ದೂ ನಿಜ. ಇಪ್ಪತ್ತನೆಯ ವಯಸ್ಸಿಗೆ ಆ ಹುಡುಗ ಬದುಕಿನಲ್ಲಿ ಯಾವುದರ ಮೇಲೂ ಆಸೆಯಿಲ್ಲದೆ ಕುಸಿದ ಭಾಗವನ್ನು ಮಾತ್ರ ನಮ್ಮ ಭಾಷಣಗಳಲ್ಲಿ ಹಾರಿಸುತ್ತೇವೆ. ಮಗಳು ಎಡಿಸನ್ ಆಗದೆ ಬರೀ ಮಾಮೂಲಿ ಮನುಷ್ಯಳಾದರೆ ಪ್ರಯೋಗ ಸೋತಿತು ಎಂದು ಬರೆದುಕೊಳ್ಳಲು ಎರಡೂ ಕಡೆಯವರು ಪೆನ್ನು ಹಿಡಿದು ಕಾದಿದ್ದಾರೆ. ಶಾಲೆಗಳಿಂದ ವರ್ಷವರ್ಷವೂ ಮಾಮೂಲಿ ಮನುಷ್ಯರು ಗುಂಪುಗುಂಪಾಗಿ ಹೊರಬರುತ್ತಾರೆ, ಅದನ್ನು ಯಾರೂ ಪ್ರಯೋಗ ಎನ್ನುವುದಿಲ್ಲ.

ತಪಾಸಣೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಬಾಗಿಲು ಮುಚ್ಚಿದ ಮನೆಯೊಳಗೆ ಒಂದು ಮಗುವಿಗೆ ನೋವಾಗುತ್ತಿದ್ದರೆ ಅದು ಯಾರ ಕಣ್ಣಿಗೆ ಬೀಳಬೇಕು ಎಂಬ ಪ್ರಶ್ನೆಗೆ ನಾವು ಹಾರಿಕೆಯ ಉತ್ತರ ಕೊಡುವಂತಿಲ್ಲ. ಮಗುವಿಗೇ ಶಾಲೆ ಬೇಕೆನಿಸಿದರೆ ಏನು ಮಾಡುತ್ತೀರಿ ಎಂದು ಕೇಳಿ, ಒಳ್ಳೆಯ ಪ್ರಶ್ನೆ. ಮನೆಯಲ್ಲಿ ಕಲಿಸಲೆಂದು ಕೆಲಸ ಬಿಟ್ಟವರು ಯಾರು ಎಂದೂ ಕೇಳಿ. ನಾನು ಕಂಡ ಹೆಚ್ಚಿನ ಮನೆಗಳಲ್ಲಿ ಬಿಟ್ಟದ್ದು ತಾಯಿಯೇ, ನಮ್ಮ ಮನೆಯಲ್ಲೂ ಅಷ್ಟೆ. ಆದರೆ ಇದುವರೆಗೆ ಬಂದ ಯಾವ ತಪಾಸಣಾಧಿಕಾರಿಯ ಪ್ರಶ್ನಾವಳಿಯಲ್ಲೂ ಇವು ಇರಲಿಲ್ಲ. ಸಂಜೆ ಮನೆಗೆ ಬರುವ ನನ್ನ ಗಂಡನನ್ನು ಅವರು ಗೌರವದಿಂದ ಕೂರಿಸಿಕೊಂಡು, 'ನಿಮ್ಮ ಶಿಕ್ಷಣದ ತತ್ತ್ವವೇನು ಸಾರ್?' ಎಂದು ಕೇಳುತ್ತಾರೆ. ಅವರು ನನ್ನನ್ನು ಕೇಳುವುದು ಬೇರೆ: 'ದಿನವಿಡೀ ಮನೆಯಲ್ಲೇ ಇರುತ್ತೀರಲ್ಲ, ಹೊತ್ತು ಹೇಗೆ ಕಳೆಯುತ್ತೀರಿ?'